ನಾಲ್ಕು ಸಂಜೆ ಉರಿದ ಚಾರ್ಜಿಂಗ್ ದೀಪ

ನಮ್ಮ ಗುಂಪಿನಲ್ಲಿ ಐದು ಜನ. ಇಬ್ಬರು ಸರದಿ ಮೇಲೆ ಗಾಡಿ ಓಡಿಸುತ್ತಾರೆ, ಒಬ್ಬ ಹಾಡುತ್ತಾನೆ, ಇನ್ನೊಬ್ಬ ಹತ್ತಿದ ಕೂಡಲೇ ನಿದ್ದೆ ಹೊಡೆಯುತ್ತಾನೆ. ಸಾಮಾನು ಕೊಳ್ಳುವ ಕೆಲಸ ನನ್ನದು. ಏನಾದರೂ ಕೈಕೊಟ್ಟರೆ ಬೈಗುಳವೂ ನನಗೇ. ಈ ಸಲ ನಾಲ್ಕು ದಿನದ ಟ್ರಿಪ್ಪಿಗೆ ಹೊಸದಾಗಿ ತಂದಿದ್ದು ಒಂದು ಕ್ಯಾಂಪಿಂಗ್ ದೀಪ.

ಡಬ್ಬದ ಮೇಲೆ ದೊಡ್ಡದಾಗಿ 1000 ಲೂಮೆನ್ ಎಂದಿತ್ತು. ಹಳೆಯ 60 ವಾಟ್ ಬಲ್ಬು ಕೊಡುತ್ತಿದ್ದುದು 700ರಿಂದ 800 ಲೂಮೆನ್. ಅದಕ್ಕಿಂತ ಜಾಸ್ತಿ ಅಲ್ವಾ ಎಂದು ಮರುಳಾದೆ.

ಮೊದಲ ಸಂಜೆ ನದಿ ದಂಡೆಯಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ಬಾಗಿಲೆತ್ತಿ, ದೀಪ ನೇತುಹಾಕಿ ಫುಲ್ ಇಟ್ಟೆ. ಎಲ್ಲರ ಮುಖವೂ ಕದ್ದು ಸಿಕ್ಕಿಬಿದ್ದವರ ಹಾಗೆ ಕಂಡಿತು. "ಲೋ, ಆ ಆಪರೇಷನ್ ಥಿಯೇಟರ್ ಲೈಟ್ ಆರಿಸೋ!" ಎಂದು ಕೂಗು. ಅಷ್ಟರಲ್ಲಿ ಹುಳಗಳ ಜಾತ್ರೆ ಸೇರಿತ್ತು. ಒಂದು ಹುಳ ಸೀದಾ ಗಾಯಕನ ಬಾಯಿಗೆ ಹೋಯಿತು. ಹಾಡು ನಿಂತಿತು. ದೀಪದ ನಿಜವಾದ ಪ್ಲಸ್ ಪಾಯಿಂಟ್ ಅದೇ ಎಂದು ಉಳಿದವರ ಅಭಿಪ್ರಾಯ.

ಆಮೇಲೆ ಹಳದಿ ಬೆಳಕಿಗೆ ಬದಲಾಯಿಸಿ, ತೀರಾ ಸಣ್ಣಗೆ ಮಾಡಿದೆ. ಹುಳಗಳನ್ನು ಹೆಚ್ಚು ಸೆಳೆಯುವುದು ನೀಲಿ ಮತ್ತು ಅತಿನೇರಳೆ ಬೆಳಕು. ಬೆಚ್ಚಗಿನ ಹಳದಿಗೆ ಅವು ಬರುವುದು ಕಡಿಮೆ. ಪೂರ್ತಿ ತೊಲಗಲಿಲ್ಲ, ಆದರೆ ಕೂತು ಮಾತಾಡುವಂತಾಯಿತು. ಉಳಿದ ಮೂರು ಸಂಜೆಯೂ ನಾವು ಆ ಸ್ವಿಚ್ ಮೇಲಕ್ಕೆ ತಿರುಗಿಸಲೇ ಇಲ್ಲ. 1000 ಲೂಮೆನ್ ಆಸೆಗೆ ಕೊಂಡೆ, ಬಳಸಿದ್ದು ಬಹುಶಃ ಅದರ ಇಪ್ಪತ್ತರಲ್ಲಿ ಒಂದು ಪಾಲು.

ಕೆಂಪು ಬೆಳಕೂ ಇದೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬಿಳಿ ಬೆಳಕು ಒಮ್ಮೆ ಹೊಡೆದರೆ ಮತ್ತೆ ಮೊದಲಿಂದ ಶುರು. ಮಂದ ಕೆಂಪಿನಲ್ಲಿ ಆ ಕಾಟ ಕಡಿಮೆ, ನಕ್ಷತ್ರ ನೋಡುವವರಿಗೆ ಒಳ್ಳೆಯದು. ಆದರೆ ದಯವಿಟ್ಟು ಅದರಲ್ಲಿ ಇಸ್ಪೀಟು ಆಡಬೇಡಿ. ಆಟೀನು, ಡೈಮಂಡ್ ಎರಡೂ ಬಿಳಿ ಎಲೆಯಲ್ಲಿ ಕರಗಿಹೋಗುತ್ತವೆ. ನನ್ನ ಕೈಯಲ್ಲಿ ಖಾಲಿ ಎಲೆಗಳೇ ಇದ್ದವು. ಸೋತೆ. ಅದಕ್ಕೂ ಬೈಗುಳ.

ಬ್ಯಾಟರಿ ವಿಷಯಕ್ಕೆ ಬಂದರೆ, ಡಬ್ಬದಲ್ಲಿ ಹೇಳಿದ 100 ಗಂಟೆ ಅತಿ ಸಣ್ಣ ಬೆಳಕಿನ ಲೆಕ್ಕ. ಇದರ ಬ್ಯಾಟರಿ 10,000 ಎಂಎಎಚ್, 3.7 ವೋಲ್ಟ್ ಲೆಕ್ಕದಲ್ಲಿ ಒಟ್ಟು 37 ವಾಟ್ ಅವರ್ ಶಕ್ತಿ. ಫುಲ್ ಇಟ್ಟರೆ ಸುಮಾರು 10 ವಾಟ್ ಎಳೆಯುತ್ತದೆ, ಮೂರೂವರೆ ಗಂಟೆಗೆ ಮುಗಿಯಿತು. ಇದರಿಂದ ಫೋನೂ ಚಾರ್ಜ್ ಆಗುತ್ತದೆ. ಎರಡನೇ ರಾತ್ರಿ ನಿದ್ದೆಯವನು ಸುಮ್ನೆ ತನ್ನ ಫೋನ್ ಸಿಕ್ಕಿಸಿ ಮಲಗಿದ್ದ. ಬೆಳಿಗ್ಗೆ ಫೋನ್ ಫುಲ್, ದೀಪ ಅರ್ಧ.

ನೀರು ತಡೆಯುವ ವಿಷಯದಲ್ಲಿ ಇದರ ರೇಟಿಂಗ್ ಐಪಿಎಕ್ಸ್ 4, ಅಂದರೆ ನೀರಿನ ಎರಚಲು ತಡೆಯುತ್ತದೆ, ಮುಳುಗಿಸುವಂತಿಲ್ಲ. ಒಂದು ಜಿಟಿಜಿಟಿ ಮಳೆ ತಡೆದುಕೊಂಡಿತು. ತಳದ ಮ್ಯಾಗ್ನೆಟ್ ಡಿಕ್ಕಿ ಬಾಗಿಲಿಗೆ ಗಟ್ಟಿಯಾಗಿ ಕಚ್ಚಿತು, ಬಾನೆಟ್ಟಿಗೆ ಕಚ್ಚಲಿಲ್ಲ. ಅದು ಅಲ್ಯೂಮಿನಿಯಂ ಅಂತೆ.

ದೊಡ್ಡ ದೂರು ಒಂದೇ, ಕೊಕ್ಕೆ. ತೆಳು ಪ್ಲಾಸ್ಟಿಕ್. ಮೂರನೇ ದಿನ ಬುಡಕ್ಕೇ ಮುರಿಯಿತು. ಗಾಯಕನ ಶೂ ಲೇಸ್ ಬಿಚ್ಚಿ ಕಟ್ಟಿದೆವು. ಈಗಲೂ ಅದರಲ್ಲೇ ನೇತಾಡುತ್ತಿದೆ, ಅವನು ವಾಪಸ್ ಕೇಳುತ್ತಲೇ ಇದ್ದಾನೆ.