ಫರ್ಮ್ ಮುಚ್ಚಿಸಿಕೊಟ್ಟ ಆಡಿಟರ್ ಆಫೀಸು: ನಾಲ್ಕು ಸ್ಟಾರ್ ಕೊಡಬಹುದು

ಚೌಕಿಪೇಟೆಯಲ್ಲಿ ನಾನೂ ನಮ್ಮ ಭಾವನೂ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಸ್ಟೀಲ್ ಪಾತ್ರೆ ಅಂಗಡಿಯನ್ನು ಮುಚ್ಚಿದೆವು. ಜಗಳ ಗಿಗಳ ಏನಿಲ್ಲ. ಭಾವನವರಿಗೆ ಮಂಡಿನೋವು, ನನಗೂ ಸಾಕಾಗಿತ್ತು. ಮೊದಲು ಕೇಳಿದ ಕನ್ಸಲ್ಟೆಂಟ್ ಒಬ್ಬರು "ಜಿಎಸ್‌ಟಿ ನಂಬರ್ ಕ್ಯಾನ್ಸಲ್ ಮಾಡಿಸಿದ್ರೆ ಮುಗೀತು" ಅಂದಿದ್ದರು. ಆಮೇಲೆ ಮಂಡಿಪೇಟೆ ಕಡೆ ಮಹಡಿ ಮೇಲಿರುವ ಈ ಆಫೀಸಿಗೆ ಹೋದೆವು.

ಆಡಿಟರ್ ಮೊದಲು ಕೇಳಿದ್ದು, "ಸಾವ್ಕಾರ್ರೇ, ಪೇಪರ್‌ನಲ್ಲಿ ನೋಟಿಸ್ ಕೊಟ್ರಾ?" ಸುಮ್ನೆ ಖರ್ಚು ಅಂತ ನಮಗನ್ನಿಸಿತು. ಅವರು 1932ರ ಪಾಲುದಾರಿಕೆ ಕಾಯ್ದೆಯ 45ನೇ ಸೆಕ್ಷನ್ ತೆಗೆದು ತೋರಿಸಿದರು. ಫರ್ಮ್ ಮುಚ್ಚುತ್ತೇವೆ ಅಂತ ನಾವಿಬ್ಬರೂ ಪತ್ರಕ್ಕೆ ಸಹಿ ಹಾಕಿದರೂ, ಸಾರ್ವಜನಿಕ ನೋಟಿಸ್ ಕೊಡುವ ತನಕ ಹೊರಗಿನವರ ಮಟ್ಟಿಗೆ ಹೊಣೆ ತಪ್ಪುವುದಿಲ್ಲ. ಅಂದರೆ ಭಾವ ನಾಳೆ ಫರ್ಮ್ ಹೆಸರಲ್ಲಿ ಉದ್ರಿ ಮಾಲು ತಂದರೆ, ಕೊಟ್ಟವನು ನನ್ನನ್ನೂ ಹಿಡಿಯಬಹುದು! ಭಾವ ನಕ್ಕರು, ನನಗೆ ನಗು ಬರಲಿಲ್ಲ. ನಮ್ಮದು ರಿಜಿಸ್ಟರ್ ಆದ ಫರ್ಮ್. ಹಾಗಾಗಿ ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ತಿಳಿಸಬೇಕು, ಗೆಜೆಟ್‌ನಲ್ಲಿ ಬರಬೇಕು, ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಹಾಕಿಸಬೇಕು. ಮೂರನ್ನೂ ಅವರೇ ಮಾಡಿಸಿದರು.

ಲೆಕ್ಕ ಚುಕ್ತಾ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಬಂಡವಾಳ ಅಲ್ಲದೆ ಭಾವ ಫರ್ಮಿಗೆ ಕೈಸಾಲ ಬೇರೆ ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಎರಡೂ ಒಂದೇ. ಆಡಿಟರ್ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಗೆರೆ ಎಳೆದು ಬರೆದರು: ಮೊದಲು ಹೊರಗಿನವರ ಸಾಲ, ಆಮೇಲೆ ಭಾವನ ಕೈಸಾಲ, ಆಮೇಲೆ ಇಬ್ಬರ ಬಂಡವಾಳ, ಉಳಿದದ್ದು ಪಾಲಿನ ಪ್ರಕಾರ. ಇಷ್ಟು ನೋಡಿದ ಮೇಲೆ ಮನೆಯಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ.

ಉಳಿದ ಮಾಲಿನ ಮೇಲೂ ತೆರಿಗೆ ಇದೆ ಅನ್ನೋದು ಗೊತ್ತಿರಲಿಲ್ಲ. ಖರೀದಿ ಮಾಡಿದಾಗ ಕೊಟ್ಟ ಜಿಎಸ್‌ಟಿಗೆ ಕ್ರೆಡಿಟ್ ತಗೊಂಡಿದ್ದರೆ, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಂಡಿದ್ದರೆ, ಮುಚ್ಚುವಾಗ ಉಳಿದ ಸ್ಟಾಕ್‌ಗೆ ಅದನ್ನು ವಾಪಸ್ ಕಟ್ಟಬೇಕು. ಆಫೀಸಿನ ಹುಡುಗ ಬಂದು ಕೊಳಗ, ತಟ್ಟೆ, ಡಬ್ಬಿ ಎಲ್ಲಾ ತೂಕ ಹಾಕಿ ಬರೆದುಕೊಂಡ. ಗೆದ್ದಲು ತಿಂದ ಬಿಲ್‌ಗಳ ಮಾಲಿಗೆ ಅವತ್ತಿನ ಮಾರ್ಕೆಟ್ ರೇಟ್ ಹಿಡಿದು, ಆಡಿಟರ್ ಸರ್ಟಿಫಿಕೇಟ್ ಕೊಟ್ಟರು. ನಂಬರ್ ರದ್ದಾದ ಮೇಲೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನೋ ಕೊನೇ ರಿಟರ್ನ್ ಹಾಕಬೇಕು. ಪೇಟೆಯಲ್ಲಿ ಜಾಸ್ತಿ ಜನ ಮರೆತು ನೋಟಿಸ್ ತಿನ್ನೋದು ಇಲ್ಲೇ. ಬ್ಯಾಂಕ್ ಖಾತೆ ಮಾತ್ರ ಎಲ್ಲಾ ಬಾಕಿ ಬಂದ ಮೇಲೆ ಮುಚ್ಚಿಸಿದರು.

ಒಂದು ಸ್ಟಾರ್ ಕಮ್ಮಿ ಯಾಕೆ? ಫೀಸು ಮಾತಾಡುವಾಗ ಪೇಪರ್ ಜಾಹೀರಾತಿನ ಖರ್ಚು ಬೇರೆ ಅಂತ ಹೇಳಲಿಲ್ಲ, ಬಿಲ್ ಕೈಗೆ ಬಂದಾಗಲೇ ಗೊತ್ತಾಗಿದ್ದು. ಫೋನಂತೂ ಎತ್ತೋದೇ ಇಲ್ಲ. ಮಂಡಿನೋವಿನವರಿಗೆ ಆ ಕಡಿದಾದ ಮೆಟ್ಟಿಲು ಬೇರೆ. ಭಾವ ಕೆಳಗೆ ಟೀ ಅಂಗಡಿಯಲ್ಲೇ ಕೂತು ಎಷ್ಟೋ ಸಹಿ ಹಾಕಿದರು.

ಹೋಗುವವರು ಪಾಲುದಾರಿಕೆ ಪತ್ರ, ಫರ್ಮ್ ರಿಜಿಸ್ಟ್ರೇಷನ್ ಕಾಗದ, ಖರೀದಿ ಬಿಲ್ ತಗೊಂಡು ಹೋಗಿ. ಮಧ್ಯಾಹ್ನ ಊಟದ ಮೇಲೆ ಆಫೀಸು ಖಾಲಿ ಇರುತ್ತದೆ. ತಿಂಗಳ 20ನೇ ತಾರೀಕಿನ ಹತ್ತಿರ ಹೋಗಲೇಬೇಡಿ. ಅವತ್ತು ಎಲ್ಲರ ರಿಟರ್ನ್ ಗಡಿಬಿಡಿ, ಕೂರೋಕೆ ಕುರ್ಚಿ ಕೂಡ ಸಿಗಲ್ಲ.