ಸೀರಿಯಲ್ ಸಿಕ್ಕಿತೆಂದು ಸೈಟು ಅಡವಿಡುವ ಮುನ್ನ

ನಟನೆಯಿಂದಲೋ ನಿರ್ದೇಶನದಿಂದಲೋ ಸೀರಿಯಲ್ ನಿರ್ಮಾಣಕ್ಕೆ ಇಳಿಯುವವರೇ, ಮೊದಲು ಈ ಲೆಕ್ಕ ನೋಡಿ. ಈ ಕಸುಬಿನಲ್ಲಿ ಮುಳುಗಿದವರೆಲ್ಲ ಕತೆ ಸೋತು ಮುಳುಗಿದವರಲ್ಲ. ಟಿಆರ್‌ಪಿ ಚೆನ್ನಾಗಿದ್ದಾಗಲೇ ಮುಳುಗಿದವರೂ ಇದ್ದಾರೆ. ಬೆಂಗಳೂರಿನಲ್ಲಿ ಹಾಗೆ ಕೈ ಸುಟ್ಟುಕೊಂಡ ಒಬ್ಬ ನಿರ್ಮಾಪಕರ ಲೆಕ್ಕ ಇದು. ಹೆಸರು ಬೇಡ, ಅಂಕಿಗಳನ್ನು ದುಂಡಗೆ ಮಾಡಿದೆ.

ಎಪಿಸೋಡಿಗೆ ಚಾನೆಲ್ ಕೊಡುವುದು 1 ಲಕ್ಷ, ಖರ್ಚು 90 ಸಾವಿರ. ವಾರಕ್ಕೆ ಐದು ದಿನದಂತೆ ತಿಂಗಳಿಗೆ 22 ಎಪಿಸೋಡು. ಅಲ್ಲಿಗೆ 2.2 ಲಕ್ಷ ಲಾಭ, ಕಾಗದದ ಮೇಲೆ. ಆದರೆ ಪ್ರಸಾರಕ್ಕೆ ಮುಂಚೆಯೇ 15 ಎಪಿಸೋಡು ಬ್ಯಾಂಕಿಂಗ್ (ಶೂಟ್ ಮಾಡಿ ಸಿದ್ಧವಾಗಿಟ್ಟ ದಾಸ್ತಾನು) ಇರಬೇಕು ಅಂದರು ಚಾನೆಲ್‌ನವರು: 13.5 ಲಕ್ಷ. ಪ್ರಸಾರವಾದ ತಿಂಗಳ ಕೊನೆಗೆ ಬಿಲ್ಲು, ಬಿಲ್ಲಾದ 60 ದಿನಕ್ಕೆ ದುಡ್ಡು. ಅಂದರೆ ಮೊದಲ ಪೇಮೆಂಟ್ ಬರುವಷ್ಟರಲ್ಲಿ ಇನ್ನೂ ಮೂರು ತಿಂಗಳ ಶೂಟಿಂಗ್ ಖರ್ಚು 59.4 ಲಕ್ಷ ಕೈಯಿಂದಲೇ ಹೋಗಿರುತ್ತದೆ. ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೇರೆ. ಚಾನೆಲ್ ದುಡ್ಡು ಕೊಟ್ಟಿರಲಿ ಬಿಡಲಿ, ಅದನ್ನು ಮುಂದಿನ ತಿಂಗಳೇ ಕಟ್ಟಬೇಕು. ಎರಡು ಬಿಲ್ಲಿಗೆ 7.92 ಲಕ್ಷ. ಕ್ಯಾಮೆರಾ, ಲೈಟಿನ ಬಾಡಿಗೆ ಬಿಲ್ಲುಗಳಿಂದ ಸ್ವಲ್ಪ ಇನ್‌ಪುಟ್ ಕ್ರೆಡಿಟ್ (ಅಲ್ಲಿ ಕಟ್ಟಿದ ಜಿಎಸ್‌ಟಿಯನ್ನು ಇಲ್ಲಿ ಕಳೆದುಕೊಳ್ಳುವುದು) ಸಿಗುತ್ತದೆ, ದಿನಭತ್ಯೆಯಾದ ಬಾಟಾಕ್ಕೆ, ದಿನಗೂಲಿಗೆ ಎಲ್ಲಿಂದ ಸಿಗಬೇಕು? ಕ್ರೆಡಿಟ್ ಹಿಡಿಯದೆ ಕೂಡಿದರೆ ಹತ್ತಿರ ಹತ್ತಿರ 81 ಲಕ್ಷ. ಸೆಟ್ಟು, ಶೂಟಿಂಗ್ ಮನೆಯ ಅಡ್ವಾನ್ಸು ಇದರಲ್ಲಿ ಸೇರಿಲ್ಲ.

ಆ 81 ಲಕ್ಷ ಫೈನಾನ್ಶಿಯರ್ ಹತ್ತಿರ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಗೆ ಬಂದದ್ದು. ಬಡ್ಡಿಯೇ 1.62 ಲಕ್ಷ. ಆ 2.2 ಲಕ್ಷ ಲಾಭದಲ್ಲಿ ಉಳಿದದ್ದು 58 ಸಾವಿರ. ನಿರ್ಮಾಣ ಸಂಸ್ಥೆ ಕಂಪನಿಯಾದ್ದರಿಂದ ಚಾನೆಲ್ ಬಿಲ್ಲಿನ ಶೇ 2ನ್ನು ಟಿಡಿಎಸ್ (ಮುಂಚಿತವಾಗಿ ಮುರಿಯುವ ಆದಾಯ ತೆರಿಗೆ) ಎಂದು ಹಿಡಿದುಕೊಂಡಿತು, 44 ಸಾವಿರ. ಕೈಗೆ ಬಂದದ್ದು 14 ಸಾವಿರ! ಟಿಡಿಎಸ್ ಮುಂದೆ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ನಿಜ. ಬಡ್ಡಿಯವನು ಅಲ್ಲಿಯ ತನಕ ಕಾಯಬೇಕಲ್ಲ.

ಈ 14 ಸಾವಿರ ತಿನ್ನಲು ಒಂದು ದಿನ ಸಾಕು. ನಾಯಕಿ ಹೈದರಾಬಾದಿನಲ್ಲಿ ತೆಲುಗು ಸೀರಿಯಲ್ಲೂ ಮಾಡುತ್ತಿದ್ದಾರೆ ಅನ್ನಿ. ಅಲ್ಲಿ ಶೆಡ್ಯೂಲ್ ಎರಡು ದಿನ ಎಳೆದರೆ ಇಲ್ಲಿ ಕಾಲ್‌ಶೀಟ್ ಹೋಯಿತು, ಬ್ಯಾಂಕಿಂಗ್ ಎರಡು ಎಪಿಸೋಡಿಗೆ ಇಳಿಯಿತು. ಆಗ ಸೆಕೆಂಡ್ ಯೂನಿಟ್ ಹಾಕಬೇಕು: ಇನ್ನೊಂದು ಕ್ಯಾಮೆರಾ, ಇನ್ನೊಂದು ಸೆಟ್ ಲೈಟು, ಇನ್ನೊಬ್ಬ ನಿರ್ದೇಶಕ, ರಾತ್ರಿ ಎಡಿಟಿಂಗ್. ಸಂಜೆ 7ಕ್ಕೆ ಪ್ರಸಾರ, ಮಧ್ಯಾಹ್ನ 3ಕ್ಕೆ ನೋಡಿದರೆ 22 ನಿಮಿಷದ ಎಪಿಸೋಡಿಗೆ 19 ನಿಮಿಷದ ಸರಕು ಮಾತ್ರ ಇದೆ. ಎಡಿಟರ್ ಹಳೇ ಫ್ಲ್ಯಾಷ್‌ಬ್ಯಾಕ್ ತುರುಕುತ್ತಾನೆ, ಅತ್ತೆಯ ಮುಖದ ಮೇಲೆ ಮೂರು ಸಲ ಜೂಮ್ ಹೋಗುತ್ತಾನೆ. ನೋಡುವವರಿಗೆ ಇದು ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ, ಗುರುವಾರ ಬರುವ ಟಿಆರ್‌ಪಿ ರೇಟಿಂಗಿನಲ್ಲಿ ಕಾಣುತ್ತದೆ. ಆದ್ದರಿಂದ ಮುಖ್ಯ ಕಲಾವಿದರ ತಾರೀಖುಗಳನ್ನು ಅಗ್ರಿಮೆಂಟಿನಲ್ಲೇ ಬರೆಸಿ, ಬ್ಯಾಂಕಿಂಗ್ 8ಕ್ಕಿಂತ ಕೆಳಗೆ ಇಳಿದ ದಿನವೇ ಕತೆಯನ್ನು ಉಪಪಾತ್ರಗಳ ಕಡೆ ತಿರುಗಿಸಿ.

ಈ ನಿರ್ಮಾಪಕರನ್ನು ನಿಜಕ್ಕೂ ಮಲಗಿಸಿದ್ದು ಮಾತ್ರ ಒಪ್ಪಂದದ ಒಂದು ಸಾಲು: 'ಪ್ರಸಾರವಾದ ಎಪಿಸೋಡುಗಳಿಗೆ ಹಣ ಪಾವತಿ'. ಪ್ರಸಾರದ ಸ್ಲಾಟ್ ಬದಲಾಗಿ ಸೀರಿಯಲ್ ದಿಢೀರನೆ ನಿಂತಾಗ ಬ್ಯಾಂಕಿಂಗ್‌ನಲ್ಲಿದ್ದ 11 ಎಪಿಸೋಡುಗಳಿಗೆ ಬಿಡಿಗಾಸೂ ಬರಲಿಲ್ಲ. ಅಲ್ಲಿಗೆ 9.9 ಲಕ್ಷ ಹೋಯಿತು. ಆ ಸಾಲನ್ನು 'ತಲುಪಿಸಿ, ಚಾನೆಲ್ಲಿನ ತಾಂತ್ರಿಕ ಪರಿಶೀಲನೆಯಲ್ಲಿ ಪಾಸಾದ ಎಪಿಸೋಡುಗಳಿಗೆ' ಎಂದು ತಿದ್ದಿಸದೆ ಸಹಿ ಹಾಕಬೇಡಿ. ನಿಲ್ಲಿಸುವುದಾದರೆ 30 ದಿನ ಮುಂಚೆ ನೋಟಿಸ್, 100 ಎಪಿಸೋಡಿನೊಳಗೆ ನಿಂತರೆ ಸೆಟ್ಟಿನ ಖರ್ಚಿನಲ್ಲಿ ಪಾಲು, ಇವೆರಡನ್ನೂ ಕೇಳಿ. ಎಲ್ಲವನ್ನೂ ಕೊಡಲಿಕ್ಕಿಲ್ಲ, ಪಾವತಿಯ ಸಾಲಿನ ತಿದ್ದುಪಡಿಯನ್ನಂತೂ ಬಿಡಬೇಡಿ.

ಹಕ್ಕಿನ ವಿಷಯವೂ ಇದೆ. ದೂರದರ್ಶನದ ಪ್ರಾಯೋಜಿತ ಧಾರಾವಾಹಿಗಳ ಕಾಲದ ನಿರ್ಮಾಪಕ ಪ್ರಸಾರ ಶುಲ್ಕ ಕಟ್ಟಿ, ಜಾಹೀರಾತು ತಾನೇ ಹುಡುಕಿಕೊಳ್ಳಬೇಕಿತ್ತು. ಖಾಸಗಿ ಚಾನೆಲ್ ದುಡ್ಡು ಹಾಕಿ ಮಾಡಿಸುವ ಸೀರಿಯಲ್ಲಿನಲ್ಲಿ ಆ ತಲೆನೋವಿಲ್ಲ, ಆದರೆ ಹಕ್ಕು ಸಾಮಾನ್ಯವಾಗಿ ಚಾನೆಲ್ಲಿನದೇ. ನಾಳೆ ತಮಿಳಿನಲ್ಲಿ ರೀಮೇಕ್ ಆದರೂ ನಿಮಗೆ ಬರುವುದೇನಿಲ್ಲ. ಕತೆ ನಿಮ್ಮದೇ ಆಗಿದ್ದರೆ ಅದಕ್ಕೆ ಬೇರೆಯೇ ಒಪ್ಪಂದ ಮಾಡಿಕೊಳ್ಳಿ, ಅದೂ ಪೈಲಟ್ (ಚಾನೆಲ್‌ಗೆ ತೋರಿಸುವ ಮಾದರಿ ಎಪಿಸೋಡು) ಶೂಟ್‌ಗೆ ಮುಂಚೆ. ಪೈಲಟ್‌ಗೆ ಸಾಲ ಮಾಡಿ ಖರ್ಚು ಮಾಡಿದ ಮೇಲೆ ಚೌಕಾಸಿಗೆ ಕೂತರೆ ಕಾಫಿ ಕೊಟ್ಟು ಕಳಿಸುತ್ತಾರೆ.