ಹೊಳೆಯ ನಡುವೆ ದೋಣಿ ನಿಲ್ಲಿಸಲು ಕಲ್ಲೋ, ಕೊಕ್ಕೆಯೋ, ಗಳವೋ?

ಗಾಳ ಹಾಕುವವರು ಸೇರಿದರೆ ಸಿಗಡಿ ಒಳ್ಳೆಯದೋ ಬಂಗುಡೆ ತುಂಡು ಒಳ್ಳೆಯದೋ ಎಂಬ ಚರ್ಚೆ ಮುಗಿಯುವುದೇ ಇಲ್ಲ. ದೋಣಿಯನ್ನು ಯಾವುದರಿಂದ ನಿಲ್ಲಿಸುತ್ತೀರಿ ಎಂದು ಕೇಳಿದರೆ ಮಾತ್ರ ‘ಒಂದು ಕಲ್ಲು ಇದೆಯಲ್ಲ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಇಬ್ಬರು ಕೂರುವ ಹದಿನಾಲ್ಕು ಅಡಿಯ ಫೈಬರ್ ದೋಣಿಯಲ್ಲಿ, ಮಂಗಳೂರಿನ ಜಪ್ಪಿನಮೊಗರು ಕಡೆಯ ನೇತ್ರಾವತಿಯಲ್ಲೂ ಉಡುಪಿ ಬಳಿಯ ಉದ್ಯಾವರ ಹೊಳೆಯಲ್ಲೂ ನಾಲ್ಕು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎನ್ನುವುದಕ್ಕಿಂತ, ಅವಸರ ಬಂದಾಗ ಎಷ್ಟು ಬೇಗ ಬಿಡಿಸಿಕೊಳ್ಳಬಹುದು ಎಂಬುದನ್ನೇ ನಾನು ಹೆಚ್ಚು ಗಮನಿಸಿದ್ದು. ಮಳೆಗಾಲ ಮುಗಿದ ಮೇಲೂ ನೇತ್ರಾವತಿಯಲ್ಲಿ ಇಡೀ ಮರದ ದಿಮ್ಮಿ ತೇಲಿ ಬರುವುದುಂಟು. ಅದು ಲಂಗರಿನ ಹಗ್ಗಕ್ಕೆ ಅಡ್ಡ ಸಿಕ್ಕಿಕೊಂಡರೆ ಸಣ್ಣ ದೋಣಿಯ ಮುಂಭಾಗವನ್ನು ನೀರಿನೊಳಕ್ಕೆ ಎಳೆಯುತ್ತದೆ.

ಮೊದಲು ಕಲ್ಲು. ಹತ್ತು ಕಿಲೋ ತೂಕದ ಗ್ರಾನೈಟ್ ಕಲ್ಲು ನೀರಿನಲ್ಲಿ ಮುಳುಗಿದಾಗ ಆರು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೇ. ಮುರಕಲ್ಲಾದರೆ ಇನ್ನೂ ಕಡಿಮೆ. ಅದು ನೆಲವನ್ನು ಕಚ್ಚುವುದಿಲ್ಲ, ಬರಿಯ ಭಾರದಿಂದ ಕುಳಿತಿರುತ್ತದೆ. ಭರತ ನಿಂತು ಇಳಿತ ಶುರುವಾಗುವ ಮೊದಲಿನ ಸಣ್ಣ ವಿರಾಮದಲ್ಲಿ ಅಷ್ಟು ಸಾಕು. ಇಳಿತ ಜೋರಾದಾಗ ನದಿಯ ಹರಿವೂ ಅದರ ಜೊತೆ ಸೇರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ, ಕಲ್ಲು ಮೆಲ್ಲಗೆ ಜಾರುತ್ತದೆ. ದಡದ ತೆಂಗಿನ ಮರವನ್ನು ಗುರುತಿಟ್ಟುಕೊಳ್ಳದಿದ್ದರೆ ಜಾರಿದ್ದೇ ತಿಳಿಯುವುದಿಲ್ಲ. ಒಂದು ಗುಣವನ್ನು ಮಾತ್ರ ಒಪ್ಪಬೇಕು: ಹಗ್ಗ ಕತ್ತರಿಸಿ ಬಿಟ್ಟು ಬಂದರೂ ಹೊಟ್ಟೆ ಉರಿಯುವುದಿಲ್ಲ.

ಕಬ್ಬಿಣದ ಲಂಗರುಗಳಲ್ಲಿ ಎರಡು ಜಾತಿ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ನಾಲ್ಕು ಕೊಕ್ಕೆಯ, ಮಡಚಿ ಇಡಬಹುದಾದ ಲಂಗರು. ಕಲ್ಲು ಇರುವ ನೆಲದಲ್ಲಿ ಇದರ ಹಿಡಿತ ಅದ್ಭುತ, ಆದರೆ ಹಿಡಿದದ್ದನ್ನು ಬಿಡುವುದೇ ಇಲ್ಲ. ಸೇತುವೆಯ ಕಂಬಗಳ ಬುಡದಲ್ಲಿ ಇದನ್ನು ಇಳಿಸುವುದೆಂದರೆ ನದಿಗೆ ದಾನ ಕೊಟ್ಟ ಹಾಗೆ. ಕಂಬಗಳ ಹತ್ತಿರ ನೀರು ಸುತ್ತುವುದರಿಂದ ಅಲ್ಲಿ ನಿಲ್ಲುವುದೇ ಬೇಡ, ಮೀನು ಎಷ್ಟೇ ಇರಲಿ. ಮರಳಿನಲ್ಲಿ ಇದೇ ಲಂಗರು ನೆಲವನ್ನು ಗೀರುತ್ತಾ ಹಿಂದೆ ಬರುತ್ತದೆ.

ಎರಡು ಅಗಲ ರೆಕ್ಕೆಗಳಿರುವ ಡ್ಯಾನ್‌ಫೋರ್ತ್ ಮಾದರಿಯ ಲಂಗರು ನೇತ್ರಾವತಿಯ ಮರಳಿಗೆ ಹೇಳಿ ಮಾಡಿಸಿದ್ದು. ತೂಕ ಕಡಿಮೆ, ಎಳೆದಷ್ಟೂ ಒಳಗೆ ಹೂತುಕೊಳ್ಳುತ್ತದೆ. ಆದರೆ ಅದಕ್ಕೆ ಹಗ್ಗ ಉದಾರವಾಗಿ ಬೇಕು: ಆಳದ ಐದು ಪಟ್ಟಾದರೂ, ಸೆಳೆತ ಹೆಚ್ಚಿದ್ದರೆ ಏಳು ಪಟ್ಟು. ಲಂಗರಿಗೂ ಹಗ್ಗಕ್ಕೂ ನಡುವೆ ಒಂದೂವರೆ ಮೀಟರ್ ಸರಪಳಿ ಇದ್ದರೆ ಎಳೆತ ನೆಲಕ್ಕೆ ಸಮಾನಾಂತರವಾಗಿ ಬೀಳುತ್ತದೆ. ಇಳಿತದಲ್ಲಿ ಎರಡು ಮೀಟರ್ ನೀರಿದ್ದಲ್ಲಿ ಹತ್ತು ಮೀಟರ್ ಹಗ್ಗ ಬಿಟ್ಟು ನೆಮ್ಮದಿಯಾಗಿ ಕುಳಿತರೆ, ಭರತ ಒಂದು ಮೀಟರ್ ಏರಿದಾಗ ಅದೇ ಹಗ್ಗ ಗಿಡ್ಡವಾಗಿರುತ್ತದೆ. ನೀರು ದಿಕ್ಕು ಬದಲಿಸಿದಾಗ ದೋಣಿ ಸುತ್ತು ತಿರುಗಿ ಲಂಗರು ಕಿತ್ತು ಬರುವುದೂ ಉಂಟು. ಆಗ ಮತ್ತೆ ನಾಟಿಸಬೇಕು. ಹಗ್ಗ ನೈಲಾನಿನದೇ ಇರಲಿ, ಅದು ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಎಂಜಿನ್ನಿನ ಪಂಕಕ್ಕೆ ಸುತ್ತಿಕೊಳ್ಳಲು ಕಾಯುತ್ತಿರುತ್ತದೆ.

ಯಾವ ಲಂಗರೇ ಆಗಲಿ ದೋಣಿಯ ಮುಂಭಾಗಕ್ಕೇ ಕಟ್ಟಬೇಕು. ಎಂಜಿನ್ ಕೂರಿಸಲು ಹಿಂಭಾಗದ ಅಂಚನ್ನು ತಗ್ಗಾಗಿ ಮಾಡಿರುತ್ತಾರೆ. ಅಲ್ಲಿಂದ ಎಳೆತ ಬಿದ್ದರೆ ಸೆಳೆತದ ನೀರು ನೇರವಾಗಿ ಒಳಗೆ ನುಗ್ಗುತ್ತದೆ. ಹಗ್ಗದ ಇನ್ನೊಂದು ತುದಿಗೆ ನಾನು ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಕಟ್ಟಿದ್ದೇನೆ. ದಿಮ್ಮಿ ಕಂಡರೆ ಜಾರುಗಂಟು ಎಳೆದು ಕ್ಯಾನ್ ಸಮೇತ ಹಗ್ಗವನ್ನು ನೀರಿಗೆ ಬಿಟ್ಟು ಸರಿಯುವುದು, ಆಮೇಲೆ ಬಂದು ಎತ್ತಿಕೊಳ್ಳುವುದು. ಇದನ್ನು ಹೇಳಿಕೊಟ್ಟವರು ಹೊಳೆಯಲ್ಲಿ ಮರುವಾಯಿ (ಚಿಪ್ಪಿನ ಜೀವಿ) ಹೆಕ್ಕುವ ಹಿರಿಯರೊಬ್ಬರು. ‘ಕಟ್ಟುವುದು ಎಲ್ಲರಿಗೂ ಗೊತ್ತುಂಟು ಮಾರಾಯರೇ, ಒದ್ದೆ ಕೈಯಲ್ಲಿ ಬಿಚ್ಚಿ ತೋರಿಸಿ ನೋಡುವ’ ಎಂದಿದ್ದರು. ಗಂಟು ಕೈಕೊಟ್ಟರೆ ಇರಲಿ ಎಂದು ಚೂರಿಯೂ ಪಕ್ಕದಲ್ಲಿರುತ್ತದೆ.

ಬಿಡಿಸಿಕೊಳ್ಳುವ ಲೆಕ್ಕದಲ್ಲಿ ಬಿದಿರಿನ ಗಳವನ್ನು ಮೀರಿಸಿದ್ದು ಯಾವುದೂ ಇಲ್ಲ. ಊರಿದರೆ ನಿಂತಿತು, ಕಿತ್ತರೆ ಹೊರಟಿತು. ಸದ್ದೂ ಇಲ್ಲ. ಉದ್ಯಾವರದಲ್ಲಿ ಸೊಂಟಮಟ್ಟದಿಂದ ಆಳುದ್ದದವರೆಗಿನ ನೀರಿನಲ್ಲಿ ಬೇರೆ ಏನೂ ಬೇಡ. ನೇತ್ರಾವತಿಯಲ್ಲಿ ಮಾತ್ರ ಇದನ್ನು ನಂಬಲಾರೆ. ಮರಳು ತೆಗೆದ ಕಡೆ ನೆಲ ಹಠಾತ್ತನೆ ಕೆಳಗೆ ಹೋಗಿರುತ್ತದೆ, ಊರಲು ಹೋದವನ ಭಾರವೂ ಗಳದ ಜೊತೆ ಹೊರಗೆ ವಾಲುತ್ತದೆ.

ಕೊನೆಯದು, ನಿಲ್ಲಿಸದೇ ತೇಲುವುದು. ಕಾಣೆ ಮೀನಿಗೆ ನನ್ನ ಮತ ಇದಕ್ಕೇ. ಮರಳು ತಳದಲ್ಲಿ ಚದುರಿ ಮೇಯುವ ಮೀನದು, ಒಂದೇ ಕಡೆ ಕುಳಿತು ಕಾಯುವುದಕ್ಕಿಂತ ಗಾಳ ತಳ ಸವರುತ್ತಾ ಹೋಗುವುದು ಮೇಲು. ಹಗ್ಗ ಕಟ್ಟಿದ ಬಕೆಟ್ಟನ್ನು ನೀರಿಗೆ ಬಿಟ್ಟರೆ ಗಾಳಿ ತಳ್ಳುವ ವೇಗ ತಗ್ಗುತ್ತದೆ, ದೋಣಿ ಅಡ್ಡ ತಿರುಗುವುದಿಲ್ಲ. ಆದರೆ ಹೊತ್ತು ನೋಡಬೇಕು. ಭರತದಲ್ಲಿ ತೇಲುವಾಗ ಎಂಜಿನ್ ಕೆಟ್ಟರೆ ನದಿಯ ಮೇಲ್ಭಾಗದ ಅಡ್ಯಾರ್ ಕಡೆಗೆ ಹೋಗುತ್ತೀರಿ. ಇಳಿತದಲ್ಲಿ ಕೆಟ್ಟರೆ ಹೋಗುವುದು ಅಳಿವೆಗೆ, ಅಂದರೆ ನದಿ ಕಡಲು ಸೇರುವ ಬಾಯಿಗೆ. ಅಲ್ಲಿ ಗುರುಪುರ ನದಿಯ ನೀರೂ ಸೇರಿ ಬೆಂಗ್ರೆಯ ತುದಿಯಿಂದ ಒಂದೇ ಬಾಗಿಲಲ್ಲಿ ಕಡಲಿಗೆ ನುಗ್ಗುತ್ತದೆ. ಮಧ್ಯಾಹ್ನದ ನಂತರ ಪಡುಗಾಳಿ ಎದ್ದು ಇಳಿತಕ್ಕೆ ಎದುರಾದರೆ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಆದ್ದರಿಂದ ಬೆಳಗಿನ ಭರತ ಇರುವ ದಿನವನ್ನೇ ಆರಿಸುತ್ತೇನೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಈ ವಾರಾಂತ್ಯದ ಸಮಯ ಮುಂದಿನದಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು. ಘಟ್ಟದಲ್ಲಿ ಮಳೆಯಾಗಿದ್ದರೆ ಮಂಗಳೂರಿನ ಆಕಾಶ ಎಷ್ಟೇ ತಿಳಿಯಾಗಿದ್ದರೂ ಇಳಿಯುವುದಿಲ್ಲ. ತುಂಬೆ ಕಿಂಡಿ ಅಣೆಕಟ್ಟಿನ ಕೆಳಗಂತೂ ಯಾವ ವಿಧಾನವೂ ಬೇಡ.

ಲೈಫ್ ಜಾಕೆಟನ್ನು ಹೋಲಿಕೆಗೆ ತಂದಿಲ್ಲ. ತೇಲಿಸುವ ಬಲ 100 ನ್ಯೂಟನ್ ಎಂದು ಬರೆದಿರುವುದನ್ನು ತೊಟ್ಟೇ ಕೂರುತ್ತೇವೆ. 50 ನ್ಯೂಟನ್ನಿನದು ಈಜು ಬಲ್ಲವರಿಗೆ, ನೆರವು ಹತ್ತಿರವಿರುವ ಕಡೆಗಷ್ಟೇ ಮಾಡಿದ್ದು.

ಈಗ ದೋಣಿಯಲ್ಲಿ ಖಾಯಂ ಇರುವುದು ರೆಕ್ಕೆಯ ಲಂಗರು ಮತ್ತು ಬಕೆಟ್. ಕೊಕ್ಕೆಯದನ್ನು ಗೆಳೆಯನೊಬ್ಬ ಕೇಳಿದ, ಕೊಟ್ಟುಬಿಟ್ಟೆ. ಗಳವನ್ನು ಕಾರಿನ ಮೇಲೆ ಹೇರಿಕೊಂಡು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವ ತಾಪತ್ರಯ ಬೇಡವೆಂದು ಅದು ಉದ್ಯಾವರದ ಪರಿಚಯದವರ ಹಿತ್ತಿಲಲ್ಲೇ ಇದೆ.